ಹಳೇ ಸ್ಟೀಲ್ ಎಂಟಿಬಿ ರಿಪೇರಿ: ಮೊದಲು ಅಳತೆ, ಆಮೇಲೆ ಖರೀದಿ

1981ರಲ್ಲಿ ಅಮೆರಿಕದ ಸ್ಪೆಷಲೈಜ್ಡ್ ಕಂಪನಿ ಜಪಾನಿನಲ್ಲಿ ಮಾಡಿಸಿ ಮಾರಿದ ಸ್ಟಂಪ್‌ಜಂಪರ್‌ನಿಂದ ಹಿಡಿದು, 90ರ ದಶಕದಲ್ಲಿ ಅಲ್ಯೂಮಿನಿಯಂ ಫ್ರೇಮುಗಳು ಅಂಗಡಿ ತುಂಬುವವರೆಗೆ, ಮೌಂಟನ್ ಬೈಕ್ (ಎಂಟಿಬಿ) ಅಂದರೆ ಹೆಚ್ಚುಪಾಲು ಸ್ಟೀಲ್ ಬೈಕೇ. ಅಮೆರಿಕ, ಇಂಗ್ಲೆಂಡಿನಲ್ಲಿರುವವರಿಗೆ ಇವು ಗ್ಯಾರೇಜ್ ಸೇಲ್‌ಗಳಲ್ಲಿ ಇನ್ನೂ ಅಗ್ಗಕ್ಕೆ ಸಿಗುತ್ತವೆ. ಊರಿಗೆ ವಾಪಸಾದವರ ಮನೆಸಾಮಾನಿನ ಜೊತೆ ಬೆಂಗಳೂರು, ಮೈಸೂರಿಗೆ ಬಂದಿಳಿದು ಬಾಲ್ಕನಿಯಲ್ಲಿ ತುಕ್ಕು ಹಿಡಿಯುತ್ತಿರುವವೂ ಇವೆ. ಒಳ್ಳೆಯ ಫ್ರೇಮ್ ಇದ್ದರೆ 12–13 ಕಿಲೋ ತೂಗುವ, ಸಂತೆಗೂ ಆಫೀಸಿಗೂ ಕಾಡುದಾರಿಗೂ ಒಗ್ಗುವ ಸೈಕಲ್ ಇದು.

ರಿಪೇರಿ ಕಷ್ಟದ್ದಲ್ಲ. ಕೆಡುವುದು ಬಹುತೇಕ ಒಂದೇ ಕಾರಣಕ್ಕೆ, ಅಳೆಯದೆ ಭಾಗ ತರಿಸುವುದರಿಂದ. ಆ ಕಾಲದಲ್ಲಿ ಪ್ರತಿ ಎರಡು ಮೂರು ವರ್ಷಕ್ಕೊಮ್ಮೆ ಅಳತೆಗಳು ಬದಲಾದವು. ನೋಡಲು ಒಂದೇ ಥರ ಇರುವ ಎರಡು ಬೈಕುಗಳ ಸೀಟ್‌ಪೋಸ್ಟ್ (ಸೀಟಿನ ಕಂಬ), ಹಬ್ (ಚಕ್ರದ ನಡುಭಾಗ), ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಮೂರೂ ಬೇರೆಬೇರೆ ಇರಬಹುದು. ಆದ್ದರಿಂದ ಮೊದಲು ಕೊಳ್ಳಬೇಕಾದ ಸಾಮಾನು ಡಿಜಿಟಲ್ ವರ್ನಿಯರ್ ಕ್ಯಾಲಿಪರ್. ಬಣ್ಣ, ಸ್ಟಿಕರ್, ಸೀಟು ಎಲ್ಲ ಆಮೇಲೆ.

ಈ ಫ್ರೇಮ್ ಶ್ರಮಕ್ಕೆ ಯೋಗ್ಯವೇ?

ಸೀಟ್ ಟ್ಯೂಬಿನ ಮೇಲಿನ ಸ್ಟಿಕರ್ ಓದಿ. ಕ್ರೋಮೋಲಿ, 4130, ಟಾಂಗೆ, ಟ್ರೂ ಟೆಂಪರ್, ರೆನಾಲ್ಡ್ಸ್, ಕೊಲಂಬಸ್, ಒಳ್ಳೆಯ ಸ್ಟೀಲಿನ ಅಥವಾ ಅದರ ಟ್ಯೂಬ್ ತಯಾರಕರ ಈ ಹೆಸರುಗಳಲ್ಲಿ ಯಾವುದಿದ್ದರೂ ಸರಿ. 'ಮೂರು ಮುಖ್ಯ ಟ್ಯೂಬ್ ಮಾತ್ರ ಕ್ರೋಮೋಲಿ' ಎಂದು ಬರೆದಿದ್ದರೆ ಹಿಂಭಾಗ ಮಾಮೂಲಿ ಸ್ಟೀಲಿನದು. ಸ್ವಲ್ಪ ಭಾರ, ಬೇರೆ ತೊಂದರೆ ಇಲ್ಲ. 'ಹೈ-ಟೆನ್' (ಭಾರದ, ಅಗ್ಗದ ಸ್ಟೀಲ್) ಅಂತ ಇದ್ದರೆ ಅದಕ್ಕೆ ದುಡ್ಡು ಸುರಿಯುವುದು ಬೇಡ. ಸ್ಟಿಕರ್ ಕಿತ್ತುಹೋಗಿದ್ದರೆ ಸೀಟ್‌ಪೋಸ್ಟಿನ ವ್ಯಾಸ ಸುಳಿವು ಕೊಡುತ್ತದೆ. 26.8, 27.0, 27.2 ಮಿಮೀ ಇದ್ದರೆ ಟ್ಯೂಬಿನ ಗೋಡೆ ತೆಳು, ಅಂದರೆ ಒಳ್ಳೆಯ ಟ್ಯೂಬಿಂಗ್. 26 ಮಿಮೀಗಿಂತ ಕೆಳಗಿದ್ದರೆ ಸಾಮಾನ್ಯವಾಗಿ ದಪ್ಪ, ಅಗ್ಗದ ಪೈಪು.

ಆಮೇಲೆ ಹ್ಯಾಂಡಲಿನ ಕೆಳಗಿನ ಹೆಡ್ ಟ್ಯೂಬಿನ ಹಿಂದೆ, ಮೇಲಿನ ಟ್ಯೂಬು ಮತ್ತು ಇಳಿಟ್ಯೂಬಿನ ಕೆಳಮೈ ಮೇಲೆ ಬೆರಳಾಡಿಸಿ. ಎದುರಿನಿಂದ ಗುದ್ದಿದ ಬೈಕಿನಲ್ಲಿ ಅಲ್ಲಿ ಸಣ್ಣ ಉಬ್ಬು ಇರುತ್ತದೆ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ತಿಳಿಯುತ್ತದೆ, ಬಣ್ಣವೂ ಗೆರೆಗೆರೆಯಾಗಿ ಒಡೆದಿರುತ್ತದೆ. ಉಬ್ಬು ಇದ್ದರೆ ಬಿಟ್ಟುಬಿಡಿ. ಪೆಡಲ್ ತೋಳುಗಳ (ಕ್ರ್ಯಾಂಕ್) ಅಚ್ಚು ಕೂರುವ ಬಾಟಮ್ ಬ್ರ್ಯಾಕೆಟ್ ಸುತ್ತಲಿನ ಬೆಸುಗೆ, ಸೀಟ್ ಟ್ಯೂಬಿನ ಮೇಲ್ತುದಿಯ ಸೀಳು, ಚಕ್ರದ ಅಚ್ಚು ಕೂರುವ ಹಿಂದಿನ ಡ್ರಾಪ್‌ಔಟ್‌ಗಳು, ಈ ಮೂರು ಕಡೆ ಕೂದಲೆಳೆಯ ಬಿರುಕು ಹುಡುಕಿ.

ಹಿಂಭಾಗ ಸೊಟ್ಟಗಿದೆಯೇ ಅನ್ನುವುದಕ್ಕೆ ಒಂದು ದಾರ ಸಾಕು. ಎಡ ಡ್ರಾಪ್‌ಔಟ್‌ಗೆ ಕಟ್ಟಿ, ಹೆಡ್ ಟ್ಯೂಬ್ ಸುತ್ತಿಸಿ, ಬಲ ಡ್ರಾಪ್‌ಔಟ್‌ಗೆ ಬಿಗಿಯಾಗಿ ಎಳೆದು ಕಟ್ಟಿ. ಸೀಟ್ ಟ್ಯೂಬಿಗೂ ದಾರಕ್ಕೂ ಇರುವ ಅಂತರವನ್ನು ಎರಡೂ ಕಡೆ ಅಳೆಯಿರಿ. ವ್ಯತ್ಯಾಸ 2 ಮಿಮೀ ಒಳಗಿದ್ದರೆ ಚಿಂತೆಯಿಲ್ಲ. ಅದಕ್ಕಿಂತ ಹೆಚ್ಚಿದ್ದರೂ ಸ್ಟೀಲ್ ಆದ್ದರಿಂದ ತಣ್ಣಗೇ ಬಗ್ಗಿಸಿ ಸರಿಮಾಡಬಹುದು. ಅಲ್ಯೂಮಿನಿಯಂ, ಕಾರ್ಬನ್ ಫ್ರೇಮಿನಲ್ಲಿ ಈ ಅನುಕೂಲ ಇಲ್ಲ. ಗೇರು ಬದಲಿಸುವ ಡಿರೈಲರ್ ನೇತಾಡುವ ಕೊಂಡಿ ಒಳಕ್ಕೆ ಬಾಗಿರುವುದಂತೂ ಮಾಮೂಲು, ಅದೂ ಹಾಗೇ ನೇರವಾಗುತ್ತದೆ.

ಕಚ್ಚಿಕೊಂಡ ಸೀಟ್‌ಪೋಸ್ಟ್

ಎಷ್ಟೋ ಹಳೇ ಎಂಟಿಬಿಗಳು ಗುಜರಿಗೆ ಹೋಗುವುದು ಇದೊಂದರಿಂದಲೇ. ಸ್ಟೀಲ್ ಟ್ಯೂಬಿನೊಳಗೆ ಅಲ್ಯೂಮಿನಿಯಂ ಪೋಸ್ಟ್ ಗ್ರೀಸ್ ಇಲ್ಲದೆ ವರ್ಷಗಟ್ಟಲೆ ಕೂತರೆ, ಬೆವರು, ಮಳೆನೀರು ಸೇರಿ ಎರಡು ಲೋಹಗಳ ನಡುವೆ ರಾಸಾಯನಿಕ ಕ್ರಿಯೆ ನಡೆಯುತ್ತದೆ. ಅದರಿಂದ ಹುಟ್ಟುವ ಅಲ್ಯೂಮಿನಿಯಂ ಆಕ್ಸೈಡ್ ಮೂಲ ಲೋಹಕ್ಕಿಂತ ಹೆಚ್ಚು ಜಾಗ ತಗೊಳ್ಳುವುದರಿಂದ ಪೋಸ್ಟ್ ಒಳಗೇ ಬಿಗಿದುಕೊಳ್ಳುತ್ತದೆ. ಕೊಳ್ಳುವಾಗ ಸೀಟಿನ ಬೋಲ್ಟ್ ಸಡಿಲಿಸಿ ಪೋಸ್ಟ್ ಅಲುಗುತ್ತದೆಯೇ ನೋಡಿ. ಅಲುಗದಿದ್ದರೆ ಬೆಲೆ ಅರ್ಧಕ್ಕಿಳಿಸಿ ಮಾತಾಡಿ.

ಬಿಡಿಸುವ ಕ್ರಮ ಹೀಗೆ. ಕ್ಲಾಂಪ್ ಪೂರ್ತಿ ತೆಗೆದು, ಬಾಟಮ್ ಬ್ರ್ಯಾಕೆಟ್ ಬಿಚ್ಚಿ, ಫ್ರೇಮನ್ನು ತಲೆಕೆಳಗು ಮಾಡಿ, ಬ್ರ್ಯಾಕೆಟ್ ಗೂಡಿನ ಮೂಲಕ ತೂರಿಹೋಗುವ ಎಣ್ಣೆ ಸುರಿಯಿರಿ. ಪೋಸ್ಟಿನ ಕೆಳತುದಿಯ ಸುತ್ತ ಎಣ್ಣೆ ನಿಲ್ಲುತ್ತದೆ. ದಿನಕ್ಕೊಮ್ಮೆ ಸ್ವಲ್ಪ ಸೇರಿಸುತ್ತ ನಾಲ್ಕೈದು ದಿನ ಬಿಡಿ. ಮೇಲಿನಿಂದ ಮಾತ್ರ ಸಿಂಪಡಿಸಿದರೆ ಎಣ್ಣೆ ಒಂದಂಗುಲವೂ ಇಳಿಯುವುದಿಲ್ಲ.

ಆಮೇಲೆ ಪೋಸ್ಟಿನ ತಲೆಯನ್ನು ದೊಡ್ಡ ಬೆಂಚ್ ವೈಸ್‌ನಲ್ಲಿ ಕಚ್ಚಿಸಿ ಇಡೀ ಫ್ರೇಮನ್ನೇ ತಿರುಗಿಸಬೇಕು. ಪೋಸ್ಟನ್ನು ಸ್ಪ್ಯಾನರಿನಿಂದ ತಿರುಗಿಸಲು ಹೋದರೆ ಅದು ಹಿಚುಕಿಹೋಗುತ್ತದೆ, ಫ್ರೇಮ್ ತಿರುಗಿಸಿದರೆ ಉದ್ದನೆಯ ಸನ್ನೆಕೋಲು ಕೈಗೆ ಸಿಕ್ಕಂತೆ. ಹಿಂಭಾಗದ ತೆಳು ಟ್ಯೂಬುಗಳನ್ನು ಹಿಡಿದು ತಿರುಗಿಸಬೇಡಿ, ಹೆಡ್ ಟ್ಯೂಬ್ ಹಿಡಿಯಿರಿ. ಒಂದೇ ದಿಕ್ಕಿಗೆ ಜಗ್ಗದೆ ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಸ್ವಲ್ಪವೇ ಆಡಿಸಿ. 'ಟಕ್' ಎಂಬ ಸದ್ದು ಬಂದರೆ ಬಿಟ್ಟುಕೊಂಡಿತು ಅಂತಲೇ.

ಬಿಸಿ ಮಾಡುವುದು ಹಲವರಿಗೆ ಮೊದಲು ಹೊಳೆಯುವ ಉಪಾಯ. ಆದರೆ ಅಲ್ಯೂಮಿನಿಯಂ ಸ್ಟೀಲಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ಬಿಸಿಯಲ್ಲಿ ಪೋಸ್ಟ್ ಇನ್ನೂ ಬಿಗಿಯಾಗುತ್ತದೆ. ತಣಿಸುವುದೇ ಸರಿ. ಪೋಸ್ಟ್ ಪೊಳ್ಳಾಗಿದ್ದರೆ ಅದರೊಳಗೆ ಡ್ರೈ ಐಸ್ ಚೂರು ತುಂಬಿ, ಹತ್ತು ನಿಮಿಷ ಬಿಟ್ಟು ತಿರುಗಿಸಿ. ಬರಿಗೈಯಲ್ಲಿ ಮುಟ್ಟಬೇಡಿ.

ಇದಕ್ಕೂ ಬಗ್ಗದಿದ್ದರೆ ಪೋಸ್ಟನ್ನು ಎರಡಂಗುಲ ಬಿಟ್ಟು ಕತ್ತರಿಸಿ, ಹ್ಯಾಕ್‌ಸಾ ಬ್ಲೇಡನ್ನು ಒಳಗೆ ತೂರಿಸಿ, ಉದ್ದಕ್ಕೆ ಒಂದು ಸೀಳು ಕೊಯ್ದು, ಗೋಡೆಯನ್ನು ಒಳಕ್ಕೆ ಸುರುಳಿ ಸುತ್ತಿ ತೆಗೆಯಬೇಕು. ಒಂದಿಡೀ ಸಂಜೆಯ ಕೆಲಸ, ಕೈ ನೋವು ಖಚಿತ, ಆದರೆ ಫ್ರೇಮ್ ಉಳಿಯುತ್ತದೆ. ಬ್ಲೇಡ್ ಸ್ಟೀಲಿಗೆ ತಗುಲಿದಾಗ ಸದ್ದು ಕೀರಲಾಗುತ್ತದೆ, ಅಲ್ಲಿಗೆ ನಿಲ್ಲಿಸಿ. ಕಾಸ್ಟಿಕ್ ಸೋಡಾ ದ್ರಾವಣ ಅಲ್ಯೂಮಿನಿಯಮ್ಮನ್ನು ಕರಗಿಸಿ ಸ್ಟೀಲನ್ನು ಬಿಡುತ್ತದೆ ಎಂಬುದು ನಿಜ. ಆದರೆ ಅದು ಕುದಿಯುವಷ್ಟು ಬಿಸಿಯಾಗುತ್ತದೆ, ಹತ್ತಿಕೊಳ್ಳುವ ಹೈಡ್ರೋಜನ್ ಅನಿಲ ಬಿಡುತ್ತದೆ, ಚೆಲ್ಲಿದ ಕಡೆ ಬಣ್ಣವನ್ನೂ ಚರ್ಮವನ್ನೂ ತಿನ್ನುತ್ತದೆ. ಮಾಡಲೇಬೇಕಾದರೆ ಬಯಲಲ್ಲಿ, ಕನ್ನಡಕ, ಉದ್ದ ಗ್ಲೌಸ್ ಹಾಕಿಕೊಂಡು ಮಾಡಿ. ನೀರಿಗೆ ಸೋಡಾ ಹಾಕಬೇಕು, ಸೋಡಾಕ್ಕೆ ನೀರಲ್ಲ.

ಹ್ಯಾಂಡಲ್ ಸ್ಟೆಮ್ ಕಚ್ಚಿಕೊಂಡಿದ್ದರೆ ಇಷ್ಟು ಗೋಳಿಲ್ಲ. ಮೇಲಿನ ಅಲೆನ್ ಬೋಲ್ಟನ್ನು ಮೂರು ಸುತ್ತು ಸಡಿಲಿಸಿ, ಅದರ ತಲೆಗೆ ಮರದ ತುಂಡಿಟ್ಟು ಸುತ್ತಿಗೆಯಿಂದ ಒಂದು ಪೆಟ್ಟು ಕೊಡಿ. ಕೆಳಗಿನ ಬೆಣೆ ಕಳಚಿಕೊಳ್ಳುತ್ತದೆ. ಬೋಲ್ಟ್ ಪೂರ್ತಿ ಬಿಚ್ಚಿ ಹೊಡೆದರೆ ಬೆಣೆ ಒಳಗೇ ಉಳಿದು ಫಜೀತಿ.

ಅಳೆದು ಬರೆದಿಟ್ಟುಕೊಳ್ಳಬೇಕಾದ್ದು

ಸೀಟ್‌ಪೋಸ್ಟುಗಳು 0.2 ಮಿಮೀ ಅಂತರದಲ್ಲಿ ಬರುತ್ತವೆ. 27.2ರ ಜಾಗಕ್ಕೆ 27.0 ಹಾಕಿದರೆ ಕೂರುತ್ತದೆ, ಆದರೆ ಬಿಗಿಸಿದಷ್ಟೂ ಜಾರುತ್ತದೆ, ಕೊನೆಗೆ ಟ್ಯೂಬಿನ ಕಿವಿ ಬಾಗುತ್ತದೆ. ಹಳೇ ಪೋಸ್ಟಿನ ಮೇಲೆ ಕೊರೆದಿರುವ ಸಂಖ್ಯೆಯನ್ನು ನಂಬಿ, ಅದು ಇಲ್ಲದಿದ್ದರೆ ಟ್ಯೂಬಿನ ಒಳಗೆ ಎರಡು ದಿಕ್ಕಿನಲ್ಲಿ ಅಳೆದು ನೋಡಿ.

ಹಿಂದಿನ ಡ್ರಾಪ್‌ಔಟ್‌ಗಳ ನಡುವಿನ ಅಂತರ 80ರ ದಶಕದ ಬೈಕುಗಳಲ್ಲಿ 126 ಅಥವಾ 130 ಮಿಮೀ, 90ರ ನಂತರದವುಗಳಲ್ಲಿ ಬಹುತೇಕ 135. 130ರ ಫ್ರೇಮಿಗೆ 135ರ ಹಬ್ಬನ್ನು ಕೈಯಿಂದ ಅಗಲಿಸಿ ಕೂರಿಸಬಹುದು. 126ರದ್ದಕ್ಕೆ ಮೊದಲು ಸರಿಯಾಗಿ ಬಗ್ಗಿಸಿ, ಡ್ರಾಪ್‌ಔಟ್ ಸಮಾನಾಂತರ ಮಾಡಿಸದೆ ಹಾಕಿದರೆ ಆಕ್ಸಲ್ ಬಾಗಿ ಮುರಿಯುತ್ತದೆ. ಮುಂದಿನ ಅಂತರ ಎಲ್ಲದರಲ್ಲೂ 100 ಮಿಮೀ.

ಫೋರ್ಕಿನ ಸ್ಟೀರರ್ (ಹೆಡ್ ಟ್ಯೂಬಿನೊಳಗೆ ಹೋಗುವ ಕೊಳವೆ) 1 ಇಂಚೋ 1⅛ ಇಂಚೋ ಎಂಬುದನ್ನು ಹೆಡ್‌ಸೆಟ್ಟಿನ ದೊಡ್ಡ ನಟ್ಟೇ ಹೇಳುತ್ತದೆ. 32 ಮಿಮೀ ಸ್ಪ್ಯಾನರ್ ಕೂತರೆ 1 ಇಂಚು, 36 ಕೂತರೆ 1⅛. ಗ್ಯಾರಿ ಫಿಶರ್‌ನ ಕೆಲವು ಬೈಕುಗಳಲ್ಲಿ 40 ಕೂರುತ್ತದೆ. ಅದು 1¼, ಅದರ ಭಾಗ ಸಿಗುವುದು ಕಷ್ಟ, ಇರುವುದನ್ನೇ ಜೋಪಾನ ಮಾಡಿ.

ಭಾರತದಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಮೋಸಹೋಗುವುದು ಟೈರಿನಲ್ಲಿ. ಎಂಟಿಬಿಯ 26 ಇಂಚು ಟೈರಿನ ರಿಮ್ ಕೂರುವ ವ್ಯಾಸ 559 ಮಿಮೀ. ನಮ್ಮ ಕರಿ ಸೈಕಲ್ಲುಗಳ 26 × 1⅜ ಟೈರಿನದು 590 ಮಿಮೀ, 26 × 1½ರದ್ದು 584. ಮೂರಕ್ಕೂ '26' ಅಂತಲೇ ಹೆಸರು, ಒಂದಕ್ಕೊಂದು ಕೂರುವುದೇ ಇಲ್ಲ. ಅಂಗಡಿಯಲ್ಲಿ 'ಇಪ್ಪತ್ತಾರು ಕೊಡಿ' ಅನ್ನಬೇಡಿ. 26 × 1.95, 26 × 2.10 ಹೀಗೆ ದಶಮಾಂಶದಲ್ಲಿ ಬರೆದಿದ್ದರೆ ನಿಮ್ಮದು, ಭಿನ್ನರಾಶಿಯಲ್ಲಿ ಬರೆದಿದ್ದರೆ ಅಲ್ಲ. ಟೈರಿನ ಪಕ್ಕದಲ್ಲಿ 50-559 ಥರದ ಸಂಖ್ಯೆ ಅಚ್ಚಾಗಿರುತ್ತದೆ, ಅದನ್ನು ನೋಡಿಯೇ ದುಡ್ಡು ಕೊಡಿ.

ಬಿಚ್ಚುವುದು

ಪ್ರತಿ ಹಂತದಲ್ಲೂ ಫೋನಿನಲ್ಲಿ ಫೋಟೋ ತೆಗೆಯಿರಿ, ಮುಖ್ಯವಾಗಿ ಬ್ರೇಕಿನ ವಾಷರುಗಳ ಸಾಲನ್ನು. ಬಿಚ್ಚಿದ ಸಾಮಾನನ್ನು ಹಬ್ಬಿಗೊಂದು, ಹೆಡ್‌ಸೆಟ್ಟಿಗೊಂದು ಅಂತ ಬೇರೆಬೇರೆ ಡಬ್ಬಿಯಲ್ಲಿ ಹಾಕಿ.

ಪೆಡಲ್‌ಗೆ 15 ಮಿಮೀ ಸ್ಪ್ಯಾನರ್. ಎಡ ಪೆಡಲ್‌ಗೆ ಉಲ್ಟಾ ಮರೆ (ಥ್ರೆಡ್). ನೆನಪಿಟ್ಟುಕೊಳ್ಳಲು ಸುಲಭ ದಾರಿ: ಸ್ಪ್ಯಾನರ್ ಪೆಡಲ್ ಅಚ್ಚಿನ ಮೇಲ್ಗಡೆ ನಿಂತಿರುವಾಗ ಹಿಂದಿನ ಚಕ್ರದ ಕಡೆಗೆ ಎಳೆದರೆ ಎರಡೂ ಪೆಡಲ್ ಸಡಿಲವಾಗುತ್ತವೆ. ಬಾಟಮ್ ಬ್ರ್ಯಾಕೆಟ್ ಕಪ್ಪುಗಳದು ಇದಕ್ಕೆ ತದ್ವಿರುದ್ಧ, ಮುಂದಿನ ಚಕ್ರದ ಕಡೆಗೆ. ಅಲ್ಲಿ ಚೈನಿನ ಪಕ್ಕದ ಕಪ್ ಉಲ್ಟಾ ಮರೆಯದು. ಇದು ತಿಳಿಯದೆ ಉದ್ದ ಪೈಪ್ ಹಾಕಿ ಮತ್ತಷ್ಟು ಬಿಗಿಸಿದವರು ಎಷ್ಟೋ ಮಂದಿ. ಬ್ರ್ಯಾಕೆಟ್ ಗೂಡಿನ ಅಗಲ 68 ಅಥವಾ 73 ಮಿಮೀ ಇರುತ್ತದೆ. 70 ಇದ್ದರೆ ಅದು ಇಟಲಿಯ ಮರೆ, ಎರಡೂ ಕಡೆ ಮಾಮೂಲಿ ದಿಕ್ಕು.

ಕ್ರ್ಯಾಂಕ್ ತೆಗೆಯಲು ಪುಲ್ಲರ್ ಬೇಕೇಬೇಕು, ಸುತ್ತಿಗೆಯಲ್ಲ. 14 ಮಿಮೀ ಸಾಕೆಟ್‌ನಿಂದ ಬೋಲ್ಟ್ ತೆಗೆದಮೇಲೆ ಟಾರ್ಚ್ ಬಿಟ್ಟು ಒಳಗೆ ನೋಡಿ. ತೆಳ್ಳಗಿನ ವಾಷರ್ ಒಂದು ತಳದಲ್ಲಿ ಕರಿ ಗ್ರೀಸಿನಲ್ಲಿ ಅಂಟಿಕೊಂಡಿರುತ್ತದೆ. ಅದನ್ನು ಕೆದಕಿ ತೆಗೆಯದೆ ಪುಲ್ಲರ್ ತಿರುಗಿಸಿದರೆ ಅದು ವಾಷರನ್ನೇ ತಳ್ಳುತ್ತದೆ, ಕ್ರ್ಯಾಂಕ್ ಬರುವುದಿಲ್ಲ, ಅಲ್ಯೂಮಿನಿಯಂ ಮರೆ ಕಿತ್ತು ಬರುತ್ತದೆ. ಮರೆಯನ್ನು ಸೂಜಿಯಿಂದ ಕೆರೆದು, ಸೀಮೆಎಣ್ಣೆಯಲ್ಲಿ ಅದ್ದಿದ ಟೂತ್‌ಬ್ರಷ್ಷಿನಿಂದ ಉಜ್ಜಿ, ಪುಲ್ಲರಿನ ಹೊರಭಾಗವನ್ನು ಬೆರಳಿನಿಂದಲೇ ಕೊನೆಮುಟ್ಟ ಕೂರಿಸಿ, ಆಮೇಲಷ್ಟೇ ಒಳಗಿನ ಸ್ಕ್ರೂ ತಿರುಗಿಸಿ. ಮರೆ ಮೊದಲೇ ಹೋಗಿದ್ದರೆ ಗ್ಯಾರೇಜಿನವರ ಹತ್ತಿರ ಇರುವ ಎರಡು ಕಾಲಿನ ಬೇರಿಂಗ್ ಪುಲ್ಲರ್ ಕೆಲಸಕ್ಕೆ ಬರುತ್ತದೆ.

ಹಿಂದಿನ ಗೇರು ಎರಡು ಬಗೆ. ಫ್ರೀವೀಲ್ ಆದರೆ ಇಡೀ ಗುಚ್ಛ ಹಬ್ಬಿಗೆ ಮರೆಯಿಂದ ಕೂತಿರುತ್ತದೆ. ಅದರ ಹಲ್ಲಿಗೆ ಸರಿಹೊಂದುವ ಟೂಲ್ ಬೇಕು. ಶಿಮಾನೊ, ಸನ್‌ಟೂರ್ ಕಂಪನಿಗಳದು ಬೇರೆಬೇರೆ. ಟೂಲನ್ನು, ಚಕ್ರ ಬಿಗಿಯುವ ಕ್ವಿಕ್ ರಿಲೀಸ್ ಕಡ್ಡಿಯಿಂದ ಹಬ್ಬಿಗೆ ಬಿಗಿದು, ವೈಸ್‌ನಲ್ಲಿ ಕಚ್ಚಿಸಿ, ಚಕ್ರವನ್ನೇ ಎಡಕ್ಕೆ ತಿರುಗಿಸಿ. ಕಡ್ಡಿಯಿಂದ ಬಿಗಿಯದಿದ್ದರೆ ಟೂಲ್ ಜಾರಿ ಹಲ್ಲು ಮುರಿಯುತ್ತದೆ. ಮುರಿದರೆ ಆ ಫ್ರೀವೀಲ್ ಮತ್ತೆ ಬಿಚ್ಚುವ ಮಾತಿಲ್ಲ. ಕ್ಯಾಸೆಟ್ (ಹಬ್ಬಿನ ಮೇಲೆ ಜಾರಿಸಿ ಕೂರಿಸಿದ ಹಲ್ಲುಚಕ್ರಗಳು) ಆದರೆ ಲಾಕ್‌ರಿಂಗ್ ಟೂಲ್ ಮತ್ತು ಹಲ್ಲುಚಕ್ರ ತಿರುಗದಂತೆ ಹಿಡಿಯುವ ಚೈನ್ ಚಾವಟಿ. ಲಾಕ್‌ರಿಂಗ್ ಇಲ್ಲದೆ ಅತಿ ಸಣ್ಣ ಹಲ್ಲುಚಕ್ರವೇ ಮರೆಯಿಂದ ಕೂತಿದ್ದರೆ ಅದು ಶಿಮಾನೊದ ಹಳೇ ಯುನಿಗ್ಲೈಡ್ ಬಗೆ. ಅದರ ಮೇಲೆ ಈಗಿನ ಹೈಪರ್‌ಗ್ಲೈಡ್ ಕ್ಯಾಸೆಟ್ ನೇರವಾಗಿ ಕೂರುವುದಿಲ್ಲ.

ತುಕ್ಕು ಮತ್ತು ಬಣ್ಣ

ಹೊಸ ಬಣ್ಣ ಹೊಡೆಸಬೇಡಿ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಆ ಕಾಲದ ಬಣ್ಣ, ಸ್ಟಿಕರ್ ಒಮ್ಮೆ ಹೋದರೆ ಹೋಯಿತು. ಪೌಡರ್ ಕೋಟಿಂಗ್‌ಗೆ ಮುಂಚೆ ಮಾಡುವ ಸ್ಯಾಂಡ್‌ಬ್ಲಾಸ್ಟಿಂಗ್ ಒರಟು ಕೈಗೆ ಸಿಕ್ಕರೆ ತೆಳು ಟ್ಯೂಬನ್ನು ಇನ್ನೂ ತೆಳುಮಾಡುತ್ತದೆ. ಕೋಟಿಂಗ್ ಮಾಡಿಸಲೇಬೇಕು ಅಂತಿದ್ದರೆ ಬ್ರ್ಯಾಕೆಟ್ ಮರೆ, ಹೆಡ್ ಟ್ಯೂಬಿನ ಒಳಮೈ, ಸೀಟ್ ಟ್ಯೂಬಿನ ಒಳಮೈ, ಬ್ರೇಕ್ ಗೂಟಗಳು, ಇವನ್ನೆಲ್ಲ ಮುಚ್ಚಿಸಿ ಕೊಡಿ. ಅಲ್ಲೆಲ್ಲ ಬಣ್ಣ ಕೂತರೆ ಯಾವ ಭಾಗವೂ ಒಳಗೆ ಹೋಗುವುದಿಲ್ಲ.

ಮೇಲ್ಮೈ ತುಕ್ಕಿಗೆ ಆಕ್ಸಾಲಿಕ್ ಆಸಿಡ್ ಪುಡಿಯೇ ಉತ್ತಮ. ಒಂದು ಲೀಟರ್ ಬಿಸಿನೀರಿಗೆ 20 ಗ್ರಾಂ ಸಾಕು. ಫ್ರೇಮ್ ಮುಳುಗುವಷ್ಟು ದೊಡ್ಡ ತೊಟ್ಟಿ ಇಲ್ಲದಿದ್ದರೆ ಹಳೇ ಪಂಚೆಯ ಪಟ್ಟಿಗಳನ್ನು ದ್ರಾವಣದಲ್ಲಿ ಅದ್ದಿ, ತುಕ್ಕಿರುವ ಜಾಗಕ್ಕೆ ಸುತ್ತಿ, ಒಣಗದಂತೆ ಮೇಲೆ ಪಾಲಿಥಿನ್ ಕಟ್ಟಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಚೆನ್ನಾಗಿ ತೊಳೆದು, ಅಡುಗೆ ಸೋಡಾ ಬೆರೆಸಿದ ನೀರಿನಿಂದ ಒರೆಸಿ, ತಕ್ಷಣ ಒಣಗಿಸಿ. ತಡಮಾಡಿದರೆ ಗಂಟೆಯೊಳಗೆ ಹೊಸ ತುಕ್ಕಿನ ಪೊರೆ ಕೂರುತ್ತದೆ. ಆಕ್ಸಾಲಿಕ್ ವಿಷ, ಗ್ಲೌಸ್ ಹಾಕಿ, ಪುಡಿ ಉಸಿರಿಗೆ ಸೇರದಂತೆ ನೋಡಿ, ಮಕ್ಕಳಿಂದ ದೂರ ಇಡಿ. ಮೊದಲು ಕಾಣದ ಕಡೆ ಪರೀಕ್ಷಿಸಿ ಬಣ್ಣ ಮಂಕಾಗುವುದೇ ನೋಡಿಕೊಳ್ಳಿ. ಬಚ್ಚಲು ತೊಳೆಯುವ ಆಸಿಡ್ ಮಾತ್ರ ಬೇಡ, ಅದು ತುಕ್ಕಿನ ಜೊತೆ ಒಳ್ಳೆಯ ಸ್ಟೀಲನ್ನೂ ತಿನ್ನುತ್ತದೆ.

ಬೋಲ್ಟು, ನಟ್ಟುಗಳಿಗೆ ದಿನಸಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಸಾಕು, ಲೀಟರಿಗೆ 50 ಗ್ರಾಂ, ಮೂರ್ನಾಲ್ಕು ಗಂಟೆ. ಲೇಪನ ಇದ್ದರೆ ಅದೂ ಹೋಗುತ್ತದೆ, ಆದ್ದರಿಂದ ತೊಳೆದಮೇಲೆ ಎಣ್ಣೆ ಹಚ್ಚಿಡಿ. ಕ್ರೋಮ್ ಭಾಗಕ್ಕೆ ಅಲ್ಯೂಮಿನಿಯಂ ಫಾಯಿಲ್ ಉಂಡೆಮಾಡಿ ನೀರಿನಲ್ಲಿ ಅದ್ದಿ ಉಜ್ಜಿದರೆ ಆಯಿತು.

ಒಳಗಿನ ತುಕ್ಕು ಕಾಣುವುದಿಲ್ಲ, ಆದರೆ ಫ್ರೇಮನ್ನು ಕೊಲ್ಲುವುದು ಅದೇ. ಕರಾವಳಿ, ಮಲೆನಾಡಿನಲ್ಲಿ ಓಡುವ ಬೈಕಾದರೆ ಈ ಹಂತ ಬಿಡಲೇಬೇಡಿ. ಪೇಂಟ್ ಅಂಗಡಿಯ ಅಗಸೆ ಎಣ್ಣೆಯನ್ನು, ಬೇಗ ಒಣಗುವ 'ಬಾಯ್ಲ್ಡ್' ಬಗೆಯದನ್ನು, ಸಿರಿಂಜಿನಿಂದ ಪ್ರತಿ ಟ್ಯೂಬಿನ ಗಾಳಿರಂಧ್ರದೊಳಗೆ ಬಿಟ್ಟು, ಫ್ರೇಮನ್ನು ಎಲ್ಲಾ ದಿಕ್ಕಿಗೂ ಹೊರಳಿಸಿ, ಹೆಚ್ಚಾದದ್ದು ಸೋರಲು ಬಿಡಿ. ಒಂದು ವಾರ ಒಣಗಬೇಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ನೀರಿನಲ್ಲಿ ನೆನೆಸಿಡಿ ಅಥವಾ ಹರಡಿ ಒಣಗಿಸಿ. ಬ್ರ್ಯಾಕೆಟ್ ಗೂಡಿನ ಅಡಿಯಲ್ಲಿ ನೀರಿಳಿಯುವ ತೂತು ಇದ್ದರೆ ಅದು ಮುಚ್ಚಿಹೋಗದಂತೆ ನೋಡಿ.

ಬೇರಿಂಗುಗಳು

ಓವರಾಯಿಲಿಂಗ್ ಅಂದರೆ ನಿಜವಾಗಿ ಇದೇ ಕೆಲಸ. ಮೂವತ್ತು ವರ್ಷದ ಗ್ರೀಸ್ ಗಟ್ಟಿಯಾಗಿ ಮೇಣದಂತಾಗಿರುತ್ತದೆ. ಚಕ್ರ ಸುತ್ತುತ್ತದೆ ಅಂತ ಬಿಡಬೇಡಿ. ಮುಂದಿನ ಹಬ್ಬಿನಲ್ಲಿ ಸಾಮಾನ್ಯವಾಗಿ ಪ್ರತಿ ಕಡೆ 3/16 ಇಂಚಿನ 10 ಗುಂಡು, ಹಿಂದಿನದರಲ್ಲಿ ¼ ಇಂಚಿನ 9, ಬಾಟಮ್ ಬ್ರ್ಯಾಕೆಟ್ಟಿನಲ್ಲಿ ¼ ಇಂಚಿನ 11, ಹೆಡ್‌ಸೆಟ್ಟಿನಲ್ಲಿ 5/32 ಇಂಚಿನವು. ಬಿಚ್ಚುವಾಗ ಎಣಿಸಿ ಬರೆದುಕೊಳ್ಳಿ. ಗುಂಡುಗಳನ್ನು ತೊಳೆದು ಮತ್ತೆ ಹಾಕುವುದು ಉಳಿತಾಯವಲ್ಲ. ಹೊಸವು ಬೇರಿಂಗ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತವೆ. ಒಂದು ಕಡೆಗೆ ಹಾಕುವ ಗುಂಡೆಲ್ಲ ಒಂದೇ ಪೊಟ್ಟಣದ್ದಾಗಿರಲಿ.

ಗುಂಡು ಓಡುವ ಕೋನ್ (ಅಚ್ಚಿನ ಮೇಲಿನದು) ಮತ್ತು ಕಪ್ಪನ್ನು (ಹಬ್ಬಿನೊಳಗಿನದು) ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗೆ ಹಿಡಿಯಿರಿ. ಗುಂಡು ಓಡಿದ ದಾರಿ ನಯವಾದ ಬೂದು ಗೆರೆಯಾಗಿದ್ದರೆ ಸರಿ. ಬಾಲ್‌ಪೆನ್ನಿನ ತುದಿಯನ್ನು ಆ ದಾರಿಯಲ್ಲಿ ಎಳೆದಾಗ ಎಲ್ಲಾದರೂ ತಡೆದರೆ ಅಲ್ಲಿ ಗುಳಿ ಬಿದ್ದಿದೆ. ಗುಳಿ ಬಿದ್ದ ಕೋನ್ ಬದಲಿಸಿ. ಕಪ್ಪಿನಲ್ಲಿ ಗುಳಿ ಇದ್ದರೆ ಹಬ್ಬೇ ಹೋಯಿತು.

ಕೂರಿಸುವಾಗ ಗ್ರೀಸ್ ಧಾರಾಳವಾಗಿರಲಿ, ಗುಂಡುಗಳ ಮೇಲೆ ಮತ್ತೊಂದು ಪದರ ಬಳಿಯಿರಿ. ಕೋನ್ ಬೆರಳಿನಿಂದ ಬಿಗಿಸಿ, 13 ಅಥವಾ 15 ಮಿಮೀ ತೆಳು ಸ್ಪ್ಯಾನರಿನಿಂದ ಹಿಡಿದುಕೊಂಡು ಲಾಕ್‌ನಟ್ ಬಿಗಿಸಿ. ಕ್ವಿಕ್ ರಿಲೀಸ್ ಚಕ್ರದಲ್ಲಿ ಒಂದು ಸೂಕ್ಷ್ಮ ಇದೆ: ಲಿವರ್ ಬಿಗಿದಾಗ ಆಕ್ಸಲ್ ಕೂದಲೆಳೆಯಷ್ಟು ಕುಗ್ಗುತ್ತದೆ. ಆದ್ದರಿಂದ ಕೈಯಲ್ಲಿ ಹಿಡಿದಾಗ ಅತಿ ಸಣ್ಣ ಆಟ ಉಳಿದಿರಬೇಕು, ಚಕ್ರ ಫ್ರೇಮಿಗೆ ಹಾಕಿ ಬಿಗಿದಮೇಲೆ ಅದು ಮಾಯವಾಗಬೇಕು. ಮೊದಲೇ ಆಟವಿಲ್ಲದಂತೆ ಬಿಗಿಸಿದ ಹಬ್ಬು ಓಡುವಾಗ ಗುಳಿ ತೋಡಿಕೊಳ್ಳುತ್ತದೆ. ಪರೀಕ್ಷೆ ಸುಲಭ. ಚಕ್ರವನ್ನು ಎತ್ತಿ ಬಿಟ್ಟರೆ ವಾಲ್ವ್ ತನ್ನ ಭಾರಕ್ಕೇ ನಿಧಾನವಾಗಿ ಕೆಳಗೆ ಬಂದು, ಆಚೆಈಚೆ ತೂಗಿ ನಿಲ್ಲಬೇಕು.

ಹೆಡ್‌ಸೆಟ್ಟಿನ ಗುಂಡುಗಳು ಪಂಜರದಲ್ಲಿದ್ದರೆ ಯಾವ ಮುಖ ಮೇಲೆ ಎಂಬ ಗೊಂದಲ ಎಲ್ಲರಿಗೂ ಬರುತ್ತದೆ. ಪಂಜರದ ತಗಡು ಕಪ್ಪಿಗೆ ಉಜ್ಜಬಾರದು, ಗುಂಡು ಮಾತ್ರ ತಾಗಬೇಕು. ಹ್ಯಾಂಡಲ್ ನೇರ ಮಾಡಿದಾಗ 'ಕ್ಲಿಕ್' ಎಂದು ಕೂತುಕೊಂಡರೆ ಕಪ್ಪಿನಲ್ಲಿ ಗುಳಿ ಸಾಲಾಗಿ ಬಿದ್ದಿವೆ. ಪಂಜರ ಎಸೆದು ಬಿಡಿ ಗುಂಡು ತುಂಬಿದರೆ ಅವು ಬೇರೆ ಜಾಗದಲ್ಲಿ ಕೂತು ಕೆಲಕಾಲ ಓಡುತ್ತದೆ, ಆಮೇಲೆ ಹೊಸ ಹೆಡ್‌ಸೆಟ್ಟೇ ಗತಿ.

ಬಾಟಮ್ ಬ್ರ್ಯಾಕೆಟ್ ಮಾತ್ರ ಮುಲಾಜಿಲ್ಲದೆ ಮುಚ್ಚಿದ ಕಾರ್ಟ್ರಿಡ್ಜ್ ಬಗೆಗೆ ಬದಲಿಸಿ, ಶಿಮಾನೊದ ಚೌಕ ಅಚ್ಚಿನದು ಅಗ್ಗ, ಬಹುಕಾಲ ಬಾಳುತ್ತದೆ. ಕೊಳ್ಳುವಾಗ ಗೂಡಿನ ಅಗಲದ ಜೊತೆ ಅಚ್ಚಿನ ಉದ್ದವೂ ಬೇಕು: 110, 113, 118, 122.5 ಹೀಗೆ. ಹಳೇ ಅಚ್ಚನ್ನು ಅಳೆದು ಹತ್ತಿರದ್ದು ತನ್ನಿ. ಗಿಡ್ಡದಾದರೆ ಸಣ್ಣ ಹಲ್ಲುಚಕ್ರ ಚೈನ್‌ಸ್ಟೇಗೆ (ಬ್ರ್ಯಾಕೆಟ್‌ನಿಂದ ಹಿಂದಿನ ಚಕ್ರಕ್ಕೆ ಹೋಗುವ ಟ್ಯೂಬ್) ಉಜ್ಜುತ್ತದೆ. ಮರೆಗೆ ಗ್ರೀಸ್ ಹಚ್ಚಿ 50–70 ನ್ಯೂಟನ್ ಮೀಟರ್ ಬಿಗಿಸಿ, ಕ್ರ್ಯಾಂಕ್ ಬೋಲ್ಟ್ 35–50.

ಗೇರು ಮತ್ತು ಚೈನು

ಚೈನಿನ 12 ಪೂರ್ತಿ ಕೊಂಡಿ ಸರಿಯಾಗಿ 12 ಇಂಚು ಇರಬೇಕು. 12 1/16 ಇಂಚಾಗಿದ್ದರೆ ಚೈನ್ ಮಾತ್ರ ಬದಲಿಸಿ. 12⅛ ಮುಟ್ಟಿದ್ದರೆ ಹಿಂದಿನ ಹಲ್ಲುಗಳೂ ಸವೆದಿವೆ, ಹೊಸ ಚೈನ್ ಅದರ ಮೇಲೆ ಹಾರುತ್ತದೆ, ಎರಡನ್ನೂ ಒಟ್ಟಿಗೆ ಬದಲಿಸಿ. 6, 7, 8 ಸ್ಪೀಡಿಗೆಲ್ಲ ಒಂದೇ ಚೈನ್ ನಡೆಯುತ್ತದೆ. ಉದ್ದಕ್ಕೆ ಹಿಂದೆ ಮುಂದೆ ಎರಡೂ ದೊಡ್ಡ ಹಲ್ಲುಚಕ್ರದ ಮೇಲೆ, ಡಿರೈಲರ್ ಬಿಟ್ಟು, ಸುತ್ತಿಸಿ ಒಂದಿಂಚು ಸೇರಿಸಿ. 7 ಸ್ಪೀಡ್ ಕ್ಯಾಸೆಟ್ಟನ್ನು ಈಗಿನ 8–9 ಸ್ಪೀಡ್ ಹಬ್ಬಿಗೆ ಹಾಕುವುದಾದರೆ ಹಿಂದೆ 4.5 ಮಿಮೀ ಸ್ಪೇಸರ್ ಬೇಕು.

ಹ್ಯಾಂಡಲ್ ಮೇಲೆ ನಿಲ್ಲುವ ಥಂಬ್ ಶಿಫ್ಟರ್ ಇದ್ದರೆ ಭಾಗ್ಯ, ಅದರಲ್ಲಿ ಕೆಡುವುದೇನೂ ಇಲ್ಲ. ಕೆಳಗೆ ಲಿವರಿರುವ ರ‍್ಯಾಪಿಡ್‌ಫೈರ್ ಆದರೆ 'ಕ್ಲಿಕ್ ಆಗುತ್ತಿಲ್ಲ, ಹಾಳಾಗಿದೆ' ಅಂತ ಮಾರುವವರೇ ಹೇಳುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ಒಳಗಿನ ಗ್ರೀಸ್ ಅಂಟಾಗಿ ಸಣ್ಣ ಕೊಕ್ಕೆ ಕಚ್ಚುತ್ತಿರುವುದಿಲ್ಲ, ಅಷ್ಟೇ. ಕೇಬಲ್ ತೆಗೆದು, ಮುಚ್ಚಳ ಬಿಚ್ಚಿ, ಡಬ್ಲ್ಯೂಡಿ-40 ಧಾರಾಳವಾಗಿ ಹೊಡೆದು, ಲಿವರನ್ನು ನೂರಾರು ಬಾರಿ ಒತ್ತಿ, ಕೊಳೆ ಸುರಿದುಹೋಗಲು ಬಿಟ್ಟು ಮತ್ತೆ ಹೊಡೆಯಿರಿ. ಕ್ಲಿಕ್ ಬಂದಮೇಲೆ ಎರಡು ಹನಿ ತೆಳು ಎಣ್ಣೆ. ಪೂರ್ತಿ ಬಿಚ್ಚಲು ಮಾತ್ರ ಹೋಗಬೇಡಿ, ಸ್ಪ್ರಿಂಗ್ ಹಾರಿತೆಂದರೆ ಮತ್ತೆ ಕೂರುವುದಿಲ್ಲ. ಹಿಂದಿನ ಶಿಮಾನೊ ಡಿರೈಲರಿನ ಮೇಲಿನ ಪುಟ್ಟ ಚಕ್ರ ಅಕ್ಕಪಕ್ಕ ಆಡುವುದು ಸವೆತವಲ್ಲ, ಹಾಗೇ ಮಾಡಿರುವುದು. ಸನ್‌ಟೂರ್ ಶಿಫ್ಟರಿಗೆ ಶಿಮಾನೊ ಡಿರೈಲರ್ ಬೆರೆಸಿದರೆ ಕ್ಲಿಕ್ ಹೊಂದುವುದಿಲ್ಲ. ಕ್ಲಿಕ್ ಇಲ್ಲದ ಫ್ರಿಕ್ಷನ್ ಸ್ಥಿತಿಗೆ ತಿರುಗಿಸಿಕೊಂಡರೆ ಎಲ್ಲವೂ ಎಲ್ಲದರ ಜೊತೆ ಓಡುತ್ತದೆ.

ಬ್ರೇಕು

ಇಲ್ಲಿ ಕಂಜೂಸಿ ಬೇಡ. ಒಳಕೇಬಲ್, ಹೊರಕವಚ, ಪ್ಯಾಡು ಎಲ್ಲ ಹೊಸವೇ. ಬ್ರೇಕಿಗೆ 5 ಮಿಮೀ ಸುರುಳಿ ತಂತಿಯ ಕವಚ, ಗೇರಿಗೆ 4 ಮಿಮೀ ಉದ್ದ ತಂತಿಯದು. ಗೇರಿನ ಕವಚವನ್ನು ಬ್ರೇಕಿಗೆ ಹಾಕಿದರೆ ಗಟ್ಟಿಯಾಗಿ ಹಿಡಿದಾಗ ಅದು ಸೀಳಿಹೋಗಿ ಬ್ರೇಕೇ ಇಲ್ಲದಂತಾಗುತ್ತದೆ.

ಕ್ಯಾಂಟಿಲಿವರ್ (ರಿಮ್ಮನ್ನು ಎರಡೂ ಕಡೆಯಿಂದ ಹಿಡಿಯುವ ಆ ಕಾಲದ ಬ್ರೇಕ್) ತೋಳನ್ನು ಗೂಟದಿಂದ ತೆಗೆದು, ಗೂಟವನ್ನು ನಯವಾದ ಎಮ್ಮರಿ ಕಾಗದದಿಂದ ಉಜ್ಜಿ ಗ್ರೀಸ್ ಹಚ್ಚಿ. ಹಿಂದೆ ಯಾರೋ ಬೋಲ್ಟ್ ಅತಿಯಾಗಿ ಬಿಗಿಸಿದ್ದರೆ ಗೂಟದ ತುದಿ ಅಣಬೆಯಂತೆ ಅರಳಿ ತೋಳು ಕಚ್ಚುತ್ತದೆ, ಅರದಿಂದ ಸ್ವಲ್ಪ ತೆಗೆಯಿರಿ. ಪ್ಯಾಡಿನ ಮುಂತುದಿ ರಿಮ್ಮಿಗೆ 1 ಮಿಮೀ ಮೊದಲು ತಾಗುವಂತಿಟ್ಟರೆ ಕಿರುಚುವುದಿಲ್ಲ. ಎರಡು ತೋಳನ್ನು ಜೋಡಿಸುವ ಅಡ್ಡಕೇಬಲ್ ತಗ್ಗಿದಷ್ಟೂ ಹಿಡಿತ ಜಾಸ್ತಿ, ಲಿವರಿನ ಓಟವೂ ಜಾಸ್ತಿ.

ಮುಂದಿನ ಅಡ್ಡಕೇಬಲ್ ಮೇಲೊಂದು ಅಪಾಯ ಇದೆ. ಮುಖ್ಯ ಕೇಬಲ್ ತುಂಡಾದರೆ ಅಡ್ಡಕೇಬಲ್ ಟೈರಿನ ಮೇಲೆ ಬಿದ್ದು, ಅದರ ಉಬ್ಬುಗಳಿಗೆ ಸಿಕ್ಕಿ, ಚಕ್ರ ಒಮ್ಮೆಲೇ ನಿಂತು ಸವಾರ ಹ್ಯಾಂಡಲ್ ಮೇಲಿಂದ ಹಾರುತ್ತಾನೆ. ಹಳೇ ಬೈಕುಗಳಲ್ಲಿ ಫೋರ್ಕಿನ ಮೇಲೆ ರಿಫ್ಲೆಕ್ಟರಿನ ತಗಡು ಇದ್ದದ್ದು ಅದನ್ನು ತಡೆಯುವುದಕ್ಕೂ ಹೌದು. ಚೆಂದ ಕಾಣುವುದಿಲ್ಲ ಅಂತ ಕಿತ್ತುಹಾಕಬೇಡಿ. ಮಡ್‌ಗಾರ್ಡ್ ಹಾಕಿದರೂ ಆ ಕೆಲಸ ಆಗುತ್ತದೆ.

'ಇದನ್ನು ತೆಗೆದು ವಿ-ಬ್ರೇಕ್ ಹಾಕಿ' ಎಂಬ ಸಲಹೆ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಹಾಕಬಹುದು, ಲಿವರೂ ಬದಲಿಸಿದರೆ ಮಾತ್ರ. ವಿ-ಬ್ರೇಕಿಗೆ ಕೇಬಲ್ ಸುಮಾರು ಎರಡರಷ್ಟು ಎಳೆಯಬೇಕು, ಹಳೇ ಲಿವರಿನಿಂದ ಅದು ಆಗದು. 80ರ ದಶಕದ ಕೆಲವು ಬೈಕುಗಳಲ್ಲಿ ಹಿಂದಿನ ಬ್ರೇಕು ಚೈನ್‌ಸ್ಟೇ ಕೆಳಗಿರುತ್ತದೆ, ಅದು ಯು-ಬ್ರೇಕ್. ಅದರ ಗೂಟ ಇರುವ ಜಾಗವೇ ಬೇರೆ, ಅಲ್ಲಿ ಕ್ಯಾಂಟಿಲಿವರಾಗಲಿ ವಿ-ಬ್ರೇಕಾಗಲಿ ಕೂರುವುದಿಲ್ಲ. ರಿಮ್ಮಿನ ಪಕ್ಕ ಒಳಕ್ಕೆ ತಗ್ಗಾಗಿ ಸವೆದಿದ್ದರೆ ಒಂದು ದಿನ ಗಾಳಿಯ ಒತ್ತಡಕ್ಕೇ ಸೀಳುತ್ತದೆ. ಅಂಥ ರಿಮ್ ಇಟ್ಟುಕೊಳ್ಳಬೇಡಿ.

ಜೋಡಣೆ, ಓಡಿಸಿ ನೋಡುವುದು

ಸೀಟ್‌ಪೋಸ್ಟ್, ಸ್ಟೆಮ್, ಪೆಡಲ್ ಮರೆ, ಬ್ರ್ಯಾಕೆಟ್ ಮರೆ, ಲೋಹಕ್ಕೆ ಲೋಹ ತಾಗುವ ಎಲ್ಲ ಕಡೆ ಗ್ರೀಸ್. ಸೀಟ್‌ಪೋಸ್ಟ್, ಸ್ಟೆಮ್ ಎರಡರಲ್ಲೂ ಕನಿಷ್ಠ ಒಳಗಿರಬೇಕಾದ ಗೆರೆ ಕೊರೆದಿರುತ್ತದೆ, ಅದು ಹೊರಗೆ ಕಾಣಬಾರದು. ಹಳೇ ಅಲ್ಯೂಮಿನಿಯಂ ಹ್ಯಾಂಡಲ್‌ಬಾರಿನಲ್ಲಿ ಆಳವಾದ ಗೀರಿದ್ದರೆ ಬದಲಿಸಿ, ಅದು ಬಾಗದೆ ನೇರವಾಗಿ ಮುರಿಯುತ್ತದೆ. ಆ ಕಾಲದ ಸಸ್ಪೆನ್ಷನ್ ಫೋರ್ಕಿನ ರಬ್ಬರ್ ಒಳಗೆ ಕರಗಿ ಹೋಗಿರುತ್ತದೆ. ಅದನ್ನು ತೆಗೆದು ಮೂಲ ಸ್ಟೀಲ್ ಫೋರ್ಕ್ ಹಾಕುವುದೇ ಲೇಸು. ಈಗಿನ 100 ಮಿಮೀ ಫೋರ್ಕ್ ಹಾಕಿದರೆ ಮುಂಭಾಗ ಎತ್ತರವಾಗಿ ಸ್ಟೀರಿಂಗ್ ತೇಲಾಡುತ್ತದೆ. ಗಾಳಿ 2 ಇಂಚಿನ ಟೈರಿಗೆ 40 ಪಿಎಸ್‌ಐ ಆಸುಪಾಸು ಸಾಕು, ಭಾರದ ಸವಾರನಿಗೆ ಸ್ವಲ್ಪ ಹೆಚ್ಚು.

ಮೊದಲ ಸುತ್ತು ಖಾಲಿ ರಸ್ತೆಯಲ್ಲಿ, ಅಲೆನ್ ಕೀ ಜೇಬಿನಲ್ಲಿಟ್ಟುಕೊಂಡು. ಮುಂದಿನ ಬ್ರೇಕ್ ಹಿಡಿದು ಬೈಕನ್ನು ಹಿಂದೆಮುಂದೆ ಅಲುಗಿಸಿ. ಹೆಡ್‌ಸೆಟ್ ಬಳಿ ಬೆರಳಿಗೆ 'ಟಕಟಕ' ಸಿಕ್ಕರೆ ಇನ್ನೂ ಬಿಗಿಯಬೇಕು. ಸುಮಾರು 50 ಕಿಮೀ ಆದಮೇಲೆ ಕ್ರ್ಯಾಂಕ್ ಬೋಲ್ಟ್ ಎರಡನ್ನೂ ಮತ್ತೆ ಬಿಗಿಸಿ. ಚೌಕ ಅಚ್ಚಿನ ಮೇಲೆ ಸಡಿಲ ಕ್ರ್ಯಾಂಕ್ ಓಡಿಸಿದರೆ ಅದರ ರಂಧ್ರ ಗುಂಡಗಾಗಿ ಕ್ರ್ಯಾಂಕೇ ಹೋಗುತ್ತದೆ. ಹೊಸ ಕೇಬಲ್ ಅಷ್ಟರೊಳಗೆ ಒಂದಿಷ್ಟು ಜಗ್ಗಿರುತ್ತದೆ, ಡಿರೈಲರಿನ ಬ್ಯಾರಲ್ ಅಡ್ಜಸ್ಟರನ್ನು (ಕೇಬಲ್ ಬಿಗಿಸುವ ತಿರುಪು) ಅರ್ಧ ಸುತ್ತು ಎಡಕ್ಕೆ ತಿರುಗಿಸಿದರೆ ಗೇರು ಮತ್ತೆ ಸರಿಯಾಗಿ ಬೀಳುತ್ತದೆ. ಸೀಟ್‌ಪೋಸ್ಟನ್ನು ಪ್ರತಿ ಮಳೆಗಾಲದ ಮುಂಚೆ ಹೊರತೆಗೆದು, ಒರೆಸಿ, ಹೊಸ ಗ್ರೀಸ್ ಹಚ್ಚಿ ವಾಪಸ್ ಹಾಕಿ.